“ನಮಗೆ ಎಲ್ಲರೂ ಒಂದೇ” ಎಂದರೆ ಸಾಕೆ?

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಈಚೆಗೆ ನಡೆದ ಮೂರು ಸಂಗತಿಗಳು ಮನಸ್ಸಿನಿಂದ ಹೋಗುತ್ತಿಲ್ಲ. ಮೂತ್ರ ಕಟ್ಟಿಕೊಂಡು ಬಂದ ಒಬ್ಬ ಮಂಗಳಮುಖಿಯನ್ನು ಹೆಂಗಸರ ವಾರ್ಡಿನಿಂದ ಗಂಡಸರ ವಾರ್ಡಿಗೆ, ಅಲ್ಲಿಂದ ಮತ್ತೆ ಇತ್ತ ಕಳಿಸಿದೆವು. ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕುವ ಮುಂಚೆಯೇ ಅವರು ಎದ್ದು ಹೋದರು. ಗುದದ್ವಾರದ ನೋವೆಂದು ಬಂದ ಹುಡುಗನನ್ನು ಡಾಕ್ಟರು ನಾಲ್ಕು ಜನರೆದುರು “ಏನ್ ಮಾಡ್ಕೊಂಡೆ?” ಅಂದರು, ಅವನು ಚೀಟಿ ಬಿಟ್ಟು ಹೋದ. ಅಪೆಂಡಿಕ್ಸ್ ಆಪರೇಷನ್ನಿಗೆ ಬಂದ ಹೆಣ್ಣುಮಗಳ ಜೊತೆಗಿದ್ದಾಕೆ “ನಾವಿಬ್ಬರೂ ಒಟ್ಟಿಗೆ ಬಾಳುತ್ತಿದ್ದೇವೆ, ನಾನೇ ಸಹಿ ಮಾಡುತ್ತೇನೆ” ಎಂದರೂ ರಕ್ತಸಂಬಂಧಿ ಬರಲಿ ಎಂದು 3 ತಾಸು ಕಾಯಿಸಿದೆವು. ನಮ್ಮ ಹಿರಿಯ ವೈದ್ಯರು ಒಳ್ಳೆಯವರೇ. “ನಮಗೆ ಎಲ್ಲ ರೋಗಿಗಳೂ ಒಂದೇ, ಇದಕ್ಕಿಂತ ಸಮಾನತೆ ಇನ್ನೇನಿದೆ?” ಎನ್ನುತ್ತಾರೆ. ಪ್ರತ್ಯೇಕ ವಾರ್ಡೋ ಒಪಿಡಿಯೋ ಮಾಡಬೇಕೆ? ಖಾಸಗಿ ಪ್ರಶ್ನೆ ಕೇಳಿದರೆ ಅವಮಾನವಾಗುವುದಿಲ್ಲವೆ? ಬೇರೆ ರೋಗಿಗಳು ತಕರಾರು ತೆಗೆದರೆ? ಮಗನನ್ನು “ಸರಿ ಮಾಡಿಕೊಡಿ” ಎಂದು ಕರೆತರುವ ತಂದೆತಾಯಿಗೆ ಏನು ಹೇಳಲಿ? ಎದ್ದು ಹೋದ ಆ ಮಂಗಳಮುಖಿಯನ್ನು ಮತ್ತೆ ಕರೆಯಬಹುದೆ?

ಉತ್ತರ: ನಿಮ್ಮ ಮೂರೂ ಸಂಗತಿಗಳಲ್ಲಿ ಯಾರೂ ಯಾರಿಗೂ “ಚಿಕಿತ್ಸೆ ಕೊಡುವುದಿಲ್ಲ” ಎಂದು ಹೇಳಿಲ್ಲ. ಆದರೂ ಇಬ್ಬರು ಚಿಕಿತ್ಸೆಯಿಲ್ಲದೆ ಹೋದರು, ಮೂರನೆಯವರು ಹೊಟ್ಟೆನೋವಿನಲ್ಲಿ 3 ತಾಸು ಕಾದರು. ಸರ್ಕಾರಿ ಆಸ್ಪತ್ರೆಗಳಲ್ಲಿ ಸಲಿಂಗಿಗಳು, ದ್ವಿಲಿಂಗಿಗಳು, ಟ್ರಾನ್ಸ್ ಜನ ಕಳೆದುಹೋಗುವುದು ಹೆಚ್ಚಾಗಿ ಹೀಗೆಯೇ. ಬಾಗಿಲು ಮುಚ್ಚಿರುವುದಿಲ್ಲ, ಒಳಗೆ ಕೂತಿರಲು ಆಗುವುದಿಲ್ಲ.

ನಿಮ್ಮ ವೈದ್ಯರ ಮಾತು ಪ್ರಾಮಾಣಿಕವಾದದ್ದೇ ಇರಬಹುದು. ಆದರೆ “ಎಲ್ಲರೂ ಒಂದೇ” ಎಂದಾಗ ಆ ‘ಒಂದು’ ಯಾರ ಅಳತೆಯದು? ನೋಂದಣಿ ಕೌಂಟರು, ವಾರ್ಡು, ಒಪ್ಪಿಗೆ ಪತ್ರ, ಲ್ಯಾಬ್ ರಿಪೋರ್ಟು ಎಲ್ಲವೂ ಗಂಡ, ಹೆಂಡತಿ, ಆಧಾರ್‌ನಲ್ಲಿರುವ ಹೆಸರು ಎಂಬ ಅಚ್ಚಿನಲ್ಲಿ ಎರಕ ಹೊಯ್ದವು. ಆ ಅಚ್ಚಿಗೆ ಹೊಂದದವರನ್ನೂ ಅದರಲ್ಲೇ ತುರುಕಿ “ಒಂದೇ ರೀತಿ ನೋಡಿದೆವು” ಎಂದರೆ ರೋಗ ಕೈತಪ್ಪುತ್ತದೆ. ಮಧುಮೇಹದವರಿಗೂ ಇಲ್ಲದವರಿಗೂ ಒಂದೇ ಊಟ ಬಡಿಸುವುದನ್ನು ನಾವು ಸಮಾನತೆ ಎನ್ನುವುದಿಲ್ಲವಲ್ಲ. ಇದೂ ಹಾಗೆಯೇ. ಇನ್ನೊಂದು ಮಾತು: ನೀವು ಹೇಳಿದ ತೊಂದರೆಗಳಲ್ಲಿ ಬಹುಪಾಲಿಗೆ ಹೊಸ ಕಟ್ಟಡವೂ ಬೇಡ, ಹೊಸ ಅನುದಾನವೂ ಬೇಡ.

ಒಪಿಡಿ ಕಿಟಕಿಯಿಂದ ಶುರು ಮಾಡಿ. ತುಂಬಿದ ಹಾಲಿನಲ್ಲಿ ಅಟೆಂಡರ್ ಚೀಟಿ ನೋಡಿ ಗಂಡು ಹೆಸರನ್ನು ಕೂಗುತ್ತಾನೆ, ಸೀರೆಯುಟ್ಟ ಒಬ್ಬರು ಏಳುತ್ತಾರೆ, ಬೆಂಚಿನ ಮೇಲಿನ ಅಷ್ಟೂ ತಲೆಗಳು ತಿರುಗುತ್ತವೆ. ಮುಂದಿನ ಸಲ ಅವರು ಬರುವುದು ಕಾಯಿಲೆ ಕೈಮೀರಿದ ಮೇಲೆಯೇ. ಪರಿಹಾರ ಸರಳ: ಎಲ್ಲರನ್ನೂ ಟೋಕನ್ ನಂಬರಿನಿಂದ ಕರೆಯಿರಿ. ಎಲ್ಲರನ್ನೂ, ಅವರೊಬ್ಬರನ್ನಲ್ಲ. ನೋಂದಣಿಯಲ್ಲಿ “ನಿಮ್ಮನ್ನು ಯಾವ ಹೆಸರಿನಿಂದ ಕರೆಯಲಿ?” ಎಂದು ಕೇಳಿ, ದಾಖಲೆಯ ಹೆಸರಿನ ಪಕ್ಕ ಅದನ್ನೂ ಬರೆಯಿರಿ. ಲಿಂಗದ ಕಾಲಂ ತುಂಬುವಾಗ ಮುಖ ನೋಡಿ ಊಹಿಸಬೇಡಿ, ಕೇಳಿ ಬರೆಯಿರಿ. ಜ್ವರಕ್ಕೆ ಮಾತ್ರೆ ಕೊಡಲು ಲಿಂಗತ್ವದ ಪ್ರಮಾಣಪತ್ರ ಕೇಳುವ ಅಗತ್ಯವೇ ಇಲ್ಲ.

ಕನ್ನಡ ಇಲ್ಲಿ ನಮಗೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಅವನು–ಅವಳು ಎಂದು ತಡವರಿಸುವ ಅಗತ್ಯವೇ ಇಲ್ಲ. ‘ಅವರು’, ‘ನೀವು’, ‘ಬನ್ನಿ’, ‘ಕೂತ್ಕೊಳ್ಳಿ’ ಇವೆ. ಗಂಡಿಗೂ ಹೆಣ್ಣಿಗೂ ಇಬ್ಬರಲ್ಲದವರಿಗೂ ಸಲ್ಲುವ, ಗೌರವವೂ ಇರುವ ಮಾತು. ಇಷ್ಟಿದ್ದೂ ವಾರ್ಡುಗಳಲ್ಲಿ “ಅದು ಬಂದೈತಿ ನೋಡ್ರಿ” ಎಂಬ ಮಾತು ಕೇಳುತ್ತದೆ. ಮನುಷ್ಯರಿಗೆ ‘ಅದು’ ಎನ್ನುವುದನ್ನು ನಿಮ್ಮ ಆಸ್ಪತ್ರೆಯಲ್ಲಿ ನಾಳೆಯಿಂದಲೇ ನಿಲ್ಲಿಸಿ. ಬೇರೆ ಏನೂ ಮಾಡಲಾಗದಿದ್ದರೂ ಇದೊಂದು ಮಾಡಿ.

ಇನ್ನು ವಾರ್ಡು. ಪ್ರತ್ಯೇಕ ವಾರ್ಡು ಕೇಳಲು ಚೆನ್ನಾಗಿದೆ, ಆದರೆ ಆ ಬಾಗಿಲಿಂದ ಒಳಹೋದವರ ಗುಟ್ಟು ಸಂತೆಗೆ ಬಿತ್ತೆಂದೇ ಅರ್ಥ. ವರ್ಷದ ಬಹುಪಾಲು ಅದು ಖಾಲಿ ಇರುತ್ತದೆ, ಕೊನೆಗೆ ಹಳೆಯ ಮಂಚಗಳ ಗೋದಾಮಾಗುತ್ತದೆ. ಐಸೊಲೇಷನ್ ಕೋಣೆಗೆ ಹಾಕುವುದಂತೂ ಇನ್ನೂ ಕೆಟ್ಟದ್ದು. ಸೋಂಕಿದೆ ಎಂದು ಬೋರ್ಡು ಹಾಕಿದಂತೆ. ಸರಿಯಾದ ಕ್ರಮ ಇದು: ದಾಖಲಿಸುವಾಗ “ಯಾವ ವಾರ್ಡಿನಲ್ಲಿ ನಿಮಗೆ ನೆಮ್ಮದಿ?” ಎಂದು ಕೇಳಿ. ಟ್ರಾನ್ಸ್ ಮಹಿಳೆ ಹೆಂಗಸರ ವಾರ್ಡು ಎಂದರೆ ಅಲ್ಲಿಯೇ ಕೊಡಿ. ಮೂಲೆಯ ಹಾಸಿಗೆ, ಸುತ್ತ ಪರದೆ, ಹತ್ತಿರದಲ್ಲಿ ಒಳಗಿನಿಂದ ಚಿಲಕವಿರುವ ಶೌಚಾಲಯ ಇದ್ದರೆ ಅರ್ಧ ಸಮಸ್ಯೆ ಕಳೆಯಿತು. ಪರದೆ, ಚಿಲಕಕ್ಕೆ ನಿಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಹಣ ಕೇಳಿ. ಪಕ್ಕದ ಹಾಸಿಗೆಯವರು ತಕರಾರು ತೆಗೆದರೆ “ಅವರೂ ನಿಮ್ಮ ಹಾಗೆ ಹುಷಾರಿಲ್ಲದೆ ಬಂದಿದ್ದಾರೆ. ನಿಮಗೆ ಇಲ್ಲಿ ಆಗದಿದ್ದರೆ ನಿಮ್ಮ ಹಾಸಿಗೆ ಬದಲಿಸಿ ಕೊಡುತ್ತೇನೆ” ಎನ್ನಿ. ಸ್ಥಳ ಬದಲಿಸುವುದಾದರೆ ತಕರಾರು ಮಾಡಿದವರದ್ದು. ನೀವು ಗಟ್ಟಿಯಾಗಿ ನಿಂತರೆ ಗಲಾಟೆ ಸಾಮಾನ್ಯವಾಗಿ ಬೇಗ ತಣ್ಣಗಾಗುತ್ತದೆ. ನೀವೇ ಹಿಂಜರಿದರೆ ಇಡೀ ವಾರ್ಡು ಸೇರಿಕೊಳ್ಳುತ್ತದೆ.

ನೀವು ಕಳೆದುಕೊಂಡ ಆ ಮೂತ್ರದ ಕೇಸಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ, ವೈದ್ಯಕೀಯ ತಿಳಿವಳಿಕೆಯ ಪ್ರಶ್ನೆ. ಸಮುದಾಯದಲ್ಲಿ ‘ನಿರ್ವಾಣ’ ಎನ್ನುವ ಶಸ್ತ್ರಕ್ರಿಯೆಯಲ್ಲಿ ಶಿಶ್ನ, ವೃಷಣ ಎರಡನ್ನೂ ತೆಗೆಯುತ್ತಾರೆ. ಪರಿಣತರಲ್ಲದವರು ಕದ್ದುಮುಚ್ಚಿ ಮಾಡಿದ್ದರೆ ಮೂತ್ರದ ಬಾಯಿ ಕ್ರಮೇಣ ಗಾಯದ ಕಲೆಯಿಂದ ಕುಗ್ಗಿ ಸೂಜಿಮೊನೆಯಷ್ಟಾಗಬಹುದು. ಧಾರೆ ಸಣ್ಣದಾಗುತ್ತದೆ, ತಿಣುಕಬೇಕಾಗುತ್ತದೆ, ಪದೇಪದೇ ಸೋಂಕು, ಒಂದು ದಿನ ಪೂರ್ತಿ ಕಟ್ಟಿಕೊಳ್ಳುತ್ತದೆ. ಇಂಥವರಿಗೆ ಗಂಡಸರಿಗೆ ಬಳಸುವ 16 ನಂಬರಿನ ಕ್ಯಾತಿಟರನ್ನು ಒತ್ತಿದರೆ ಹರಿದು ರಕ್ತ ಬರುತ್ತದೆ, ನಾಳದ ಗೋಡೆ ಸೀಳಿ ಸುಳ್ಳುದಾರಿಯಾಗುತ್ತದೆ. ಮೊದಲು ಕೇಳಿ: ಶಸ್ತ್ರಕ್ರಿಯೆ ಆಗಿದೆಯೆ, ಎಷ್ಟು ವರ್ಷವಾಯಿತು, ಮುಂಚೆ ಕ್ಯಾತಿಟರ್ ಹಾಕಿದ್ದಾರೆಯೆ? ಒಳ್ಳೆಯ ಬೆಳಕಿನಲ್ಲಿ ರಂಧ್ರ ಗುರುತಿಸಿ, ಮರಗಟ್ಟಿಸುವ ಲಿಗ್ನೊಕೇನ್ ಜೆಲ್ಲಿ ಹಾಕಿ ಕೆಲವು ನಿಮಿಷ ಬಿಟ್ಟು, ಅದಕ್ಕಿಂತ ಸಣ್ಣ 10 ಅಥವಾ 12 ನಂಬರು ಪ್ರಯತ್ನಿಸಿ. ಮೂತ್ರನಾಳ ಗಿಡ್ಡವಾಗಿರುತ್ತದೆ, ಆದರೂ ಮೂತ್ರ ಹರಿದದ್ದು ಕಂಡ ಮೇಲೆಯೇ ಕ್ಯಾತಿಟರಿನ ತುದಿಯ ಬಲೂನು ಉಬ್ಬಿಸಿ. ತಡೆ ಸಿಕ್ಕಿದರೆ ಬಲ ಹಾಕಬೇಡಿ. ಸರ್ಜನ್ನರನ್ನು ಕರೆಯಿಸಿ, ಹೊಕ್ಕುಳ ಕೆಳಗಿನಿಂದ ಮೂತ್ರಕೋಶ ಖಾಲಿ ಮಾಡಿಸಿ, ಯುರಾಲಜಿಗೆ ಕಳಿಸಿ. ಮೂತ್ರಕೋಶದ ಬುಡದ ಪ್ರಾಸ್ಟೇಟ್ ಗ್ರಂಥಿ ಹಾಗೇ ಉಳಿದಿರುತ್ತದೆಂಬುದು ಮರೆಯಬಾರದು. ವಯಸ್ಸಾದವರಲ್ಲಿ ತಡೆಗೆ ಅದೂ ಕಾರಣವಿರಬಹುದು.

ಹಾರ್ಮೋನಿನ ವಿಷಯವೂ ಕೇಳಲೇಬೇಕು. ಹೆಣ್ತನದ ರೂಪ ಬರಲೆಂದು ಗರ್ಭನಿರೋಧಕ ಮಾತ್ರೆಗಳನ್ನು ದಿನಕ್ಕೆ ಮೂರು ನಾಲ್ಕು ನುಂಗುವವರಿದ್ದಾರೆ. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವುದು ಅದೇ. ಅದರಲ್ಲಿರುವ ಎಥಿನೈಲ್ ಎಸ್ಟ್ರಡಯಾಲ್ ಎಂಬ ಕೃತಕ ಹೆಣ್ಣು ಹಾರ್ಮೋನು ರಕ್ತ ಹೆಪ್ಪುಗಟ್ಟಿಸುವ ಅಪಾಯವುಳ್ಳದ್ದು, ಬೀಡಿ ಸಿಗರೇಟು ಸೇದುವವರಲ್ಲಂತೂ ಇನ್ನೂ ಹೆಚ್ಚು. ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ, ಏಕಾಏಕಿ ಉಸಿರು ಕಟ್ಟಿದರೆ ಮೊದಲು ಇದನ್ನೇ ಅನುಮಾನಿಸಿ. “ಬಿಟ್ಟುಬಿಡಿ” ಎಂದು ಗದರಿದರೆ ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾರೆ. ಸುರಕ್ಷಿತವಾದ ಎಸ್ಟ್ರಡಯಾಲ್ ಬೇರೆಯೇ ಇದೆ, ಅದನ್ನು ತಜ್ಞರ ಮೇಲ್ವಿಚಾರಣೆಯಲ್ಲಿ ಪಡೆಯಬಹುದು ಎಂದು ಹೇಳಿ ಮೆಡಿಕಲ್ ಕಾಲೇಜಿನ ಎಂಡೋಕ್ರೈನಾಲಜಿ ಅಥವಾ ಮೆಡಿಸಿನ್ ವಿಭಾಗಕ್ಕೆ ಪತ್ರ ಬರೆದುಕೊಡಿ. ಜೊತೆಗೆ ಗಂಡು ಹಾರ್ಮೋನನ್ನು ತಗ್ಗಿಸುವ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುತ್ತಿದ್ದರೆ ರಕ್ತದ ಪೊಟ್ಯಾಸಿಯಂ ನೋಡಬೇಕು. ಅಷ್ಟು ನಿಮ್ಮ ಲ್ಯಾಬಿನಲ್ಲೇ ಆಗುವ ಕೆಲಸ.

ಟ್ರಾನ್ಸ್ ಪುರುಷರು, ಅಂದರೆ ಹೆಣ್ಣೆಂದು ಬೆಳೆಸಿದರೂ ಗಂಡಾಗಿ ಬಾಳುವವರು, ನಿಮ್ಮ ಕಣ್ಣಿಗೇ ಬಿದ್ದಿಲ್ಲದಿರಬಹುದು. ಗಡ್ಡ ಬಂದಿರುತ್ತದೆ, ಗಂಡಸರ ಸಾಲಿನಲ್ಲಿ ನಿಂತಿರುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ಗರ್ಭಕೋಶದ ಕೊರಳು ಇದ್ದರೆ 30 ದಾಟಿದ ಮೇಲೆ ಅವರಿಗೂ ಕ್ಯಾನ್ಸರ್ ತಪಾಸಣೆ ಬೇಕು, ಆದರೆ ‘ಪುರುಷ’ ಎಂದು ನೋಂದಣಿಯಾದೊಡನೆ ಆ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ. ಅವರು ತೆಗೆದುಕೊಳ್ಳುವ ಗಂಡು ಹಾರ್ಮೋನು ಟೆಸ್ಟೋಸ್ಟಿರೋನ್‌ನಿಂದ ಯೋನಿಯ ಪದರ ತೆಳುವಾಗಿ ಪರೀಕ್ಷೆ ನೋಯುತ್ತದೆ. ಅತಿ ಚಿಕ್ಕ ಸ್ಪೆಕ್ಯುಲಮ್ (ಯೋನಿ ಅಗಲಿಸಿ ನೋಡುವ ಸಾಧನ) ಬಳಸಿ, ಬೇಕಾದರೆ ಅವರೇ ಒಳಗಿಟ್ಟುಕೊಳ್ಳಲಿ. ಮುಟ್ಟು ನಿಂತಿದೆ ಎಂದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಎಂದಲ್ಲ. ಟೆಸ್ಟೋಸ್ಟಿರೋನ್ ಗರ್ಭನಿರೋಧಕವಲ್ಲ, ಗರ್ಭ ನಿಂತರೆ ಭ್ರೂಣಕ್ಕೆ ಅಪಾಯ. ಲ್ಯಾಬಿನಲ್ಲೂ ಒಂದು ಎಡವಟ್ಟು ಆಗುತ್ತದೆ: ವರ್ಷಗಟ್ಟಲೆ ಟೆಸ್ಟೋಸ್ಟಿರೋನ್ ಮೇಲಿರುವವರ ಹಿಮೋಗ್ಲೋಬಿನ್ 12.4 ಎಂದಿಟ್ಟುಕೊಳ್ಳಿ. ಹೆಂಗಸರ ಮಿತಿ 12 ಹಿಡಿದರೆ ಸರಿಯಿದೆ, ಗಂಡಸರ ಮಿತಿ 13 ಹಿಡಿದರೆ ರಕ್ತಹೀನತೆ. ಇವರಿಗೆ ಗಂಡಸರ ಮಿತಿಯೇ ಸರಿ. ರಿಪೋರ್ಟಿನ ಮೇಲಿನ ‘ಗಂ’, ‘ಹೆ’ ಮಾತ್ರ ನೋಡಿ ಓದಿದರೆ ಇಂಥದ್ದು ಕಣ್ತಪ್ಪಿಹೋಗುತ್ತದೆ. ಕೇಸ್ ಶೀಟಿನಲ್ಲಿ ಯಾವ ಅಂಗ ಇದೆ, ಯಾವುದು ತೆಗೆದಿದೆ, ಯಾವ ಹಾರ್ಮೋನು ಎಂದು ಒಂದು ಸಾಲು ಬರೆದಿಟ್ಟರೆ ಸಾಕು. ಆದರೆ ಅದು ಒಳಗಿನ ಹಾಳೆಯಲ್ಲಿರಲಿ, ಮಂಚಕ್ಕೆ ನೇತುಹಾಕುವ ಚಾರ್ಟಿನ ಮೇಲಲ್ಲ.

ಪ್ರಶ್ನೆ ಕೇಳಿದರೆ ಅವಮಾನವೇ? ಪ್ರಶ್ನೆಯಿಂದಲ್ಲ, ಕೇಳುವ ಜಾಗದಿಂದ, ಧಾಟಿಯಿಂದ, ಕೆಲವೊಮ್ಮೆ ಅನಗತ್ಯ ಕುತೂಹಲದಿಂದ ಅವಮಾನವಾಗುತ್ತದೆ. ಕೈ ಮುರಿದು ಬಂದವರಿಗೆ “ನಿಮಗೆ ಕೆಳಗೆ ಏನಿದೆ?” ಎಂಬ ಪ್ರಶ್ನೆ ಯಾಕೆ? ಆ ಹುಡುಗನ ವಿಷಯದಲ್ಲಿ ಮಾತ್ರ ಕೇಳುವುದು ಅಗತ್ಯವಿತ್ತು, ಬಾಗಿಲು ಮುಚ್ಚಿ. “ಈ ಪ್ರಶ್ನೆ ಇಂಥ ನೋವಿನಲ್ಲಿ ಬಂದವರಿಗೆಲ್ಲ ಕೇಳುತ್ತೇನೆ, ಔಷಧ ಯಾವುದೆಂದು ನಿರ್ಧರಿಸಲು. ನಿಮ್ಮ ದೈಹಿಕ ಸಂಬಂಧ ಗಂಡಸರ ಜೊತೆಯೋ, ಹೆಂಗಸರ ಜೊತೆಯೋ, ಇಬ್ಬರ ಜೊತೆಗೂ ಇದೆಯೋ? ಗುದದ ಮೂಲಕ ಸಂಪರ್ಕ ಇದೆಯೆ?” ಇಷ್ಟನ್ನು ಮಳೆ ಬೆಳೆ ಕೇಳುವಷ್ಟು ಸಹಜ ದನಿಯಲ್ಲಿ ಕೇಳಬೇಕು. ಅವನಿಗಿದ್ದದ್ದು ಮೂಲವ್ಯಾಧಿಯೋ, ಬಿರುಕೋ, ಗೊನೊರಿಯಾ–ಕ್ಲಮೈಡಿಯಾದಂಥ ಲೈಂಗಿಕ ಸೋಂಕೋ ಕೇಳದೆ ಗೊತ್ತಾಗುವುದಿಲ್ಲ. ಲೈಂಗಿಕ ಸೋಂಕು ನೋಡುವ ಸರ್ಕಾರಿ ಸುರಕ್ಷಾ ಕ್ಲಿನಿಕ್ಕಿನ ಬೂದು ಬಣ್ಣದ ಕಿಟ್-1, ಅಂದರೆ ಅಜಿತ್ರೊಮೈಸಿನ್ ಮತ್ತು ಸೆಫಿಕ್ಸಿಮ್ ಮಾತ್ರೆಗಳು, ಮೂತ್ರನಾಳದ ಸ್ರಾವಕ್ಕೆ ಮಾತ್ರವಲ್ಲ, ಗುದದ ಸ್ರಾವಕ್ಕೂ ಇರುವಂಥದ್ದು. ಕೇಳದಿದ್ದರೆ ಅದು ಕಪಾಟಿನಲ್ಲೇ ಉಳಿದು ಹುಡುಗ ಮೂಲವ್ಯಾಧಿಯ ಮುಲಾಮು ಹಚ್ಚಿಕೊಂಡು ಓಡಾಡುತ್ತಾನೆ. ಅಪಾಯದ ಸಂಪರ್ಕವಾಗಿ 72 ಗಂಟೆ ದಾಟಿಲ್ಲದಿದ್ದರೆ ಎಚ್‌ಐವಿ ತಡೆಯುವ 28 ದಿನಗಳ ಮಾತ್ರೆಯ ಬಗ್ಗೆಯೂ ಯೋಚಿಸಬೇಕು, ಆಗ ಪ್ರತಿ ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಹೆಣ್ಣುಮಕ್ಕಳಿಗೆ ನಮ್ಮಲ್ಲಿ ಕೇಳುವ ಪ್ರಶ್ನೆ ಒಂದೇ, “ಮದುವೆ ಆಗಿದ್ಯಾ?”. ಇಲ್ಲ ಎಂದರೆ ಅಲ್ಲಿಗೆ ಎಲ್ಲ ಮುಗಿಯಿತು. ಹೆಣ್ಣಿನ ಜೊತೆ ಬಾಳುವ ಹೆಣ್ಣಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬರುವುದಿಲ್ಲ ಎಂಬುದು ಡಾಕ್ಟರುಗಳಲ್ಲೂ ಇರುವ ತಪ್ಪು ನಂಬಿಕೆ. ಅದಕ್ಕೆ ಕಾರಣವಾದ ಎಚ್‌ಪಿವಿ ವೈರಸ್ ಹೆಂಗಸರ ನಡುವೆಯೂ ದಾಟುತ್ತದೆ.

ಇನ್ನೊಂದು ಕೆಟ್ಟ ರೂಢಿ, ರೋಗಿಯ ಚಹರೆ ನೋಡಿ ಎಚ್‌ಐವಿ ರಿಪೋರ್ಟು ಬರುವವರೆಗೆ ಮುಟ್ಟದಿರುವುದು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ತಿಳಿಸಿ, ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ. ಕೈಗವಸು, ಸೂಜಿಯ ಎಚ್ಚರಿಕೆ ಎಲ್ಲ ರೋಗಿಗಳಿಗೂ ಒಂದೇ. ‘ಎಲ್ಲರೂ ಒಂದೇ’ ಎಂಬ ಮಾತು ಅಕ್ಷರಶಃ ನಡೆಯಬೇಕಾದ ಜಾಗ ಇದು.

ಸಹಿಯ ವಿಷಯ. ಎಚ್ಚರವಿರುವ, ತಿಳಿದು ಮಾತಾಡುವ ವಯಸ್ಕ ರೋಗಿಯ ಒಪ್ಪಿಗೆಯನ್ನು ರೋಗಿಯೇ ಕೊಡಬೇಕು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಾಯಿ ಕೊಟ್ಟ ಒಪ್ಪಿಗೆಯನ್ನೂ ಒಪ್ಪಲಿಲ್ಲ. ರೋಗಿ ವಯಸ್ಕಳಾಗಿದ್ದಳು, ತುರ್ತೇನೂ ಇರಲಿಲ್ಲ, ಅವಳನ್ನೇ ಕೇಳಬೇಕಿತ್ತು ಎಂದಿತು. ಹಾಗಿರುವಾಗ ನಿಮ್ಮಲ್ಲಿ ಅಪೆಂಡಿಕ್ಸ್ ನೋವಿನಿಂದ ಬಂದಾಕೆಯ ಸಹಿ ಒಂದೇ ಸಾಕಿತ್ತು. ನಾವು ರಕ್ತಸಂಬಂಧಿಯನ್ನು ಕೇಳುವುದು ನಾಳೆ ಜಗಳವಾದರೆ ಒಬ್ಬರು ಇರಲಿ ಎಂಬ ಭಯದಿಂದ, ಕಾನೂನಿನಿಂದಲ್ಲ. ಜೊತೆಗಿದ್ದವರ ಕಾಲಂನಲ್ಲಿ ‘ಸಂಗಾತಿ’ ಎಂದು ಬರೆಯಿರಿ. ಅವರಿಗೆ ಹಾಗೆ ಬರೆಸಲು ಅಂಜಿಕೆಯಿದ್ದರೆ ‘ಸ್ನೇಹಿತೆ’ ಎನ್ನಿ. ರೋಗಿಗೆ ಪ್ರಜ್ಞೆಯಿಲ್ಲದೆ ಜೀವಕ್ಕೆ ಅಪಾಯವಿದ್ದರೆ ಯಾರ ಸಹಿಗೂ ಕಾಯದೆ ವೈದ್ಯರು ಕಾರಣ ಬರೆದಿಟ್ಟು ಮುಂದುವರಿಯಬಹುದು. ಮಾನಸಿಕ ಆರೋಗ್ಯ ಚಿಕಿತ್ಸೆಯಲ್ಲಿ ಇನ್ನೂ ಸುಲಭ: 2017ರ ಕಾಯ್ದೆಯಡಿ ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿ ಯಾವ ವಯಸ್ಕರನ್ನಾದರೂ ತನ್ನ ಪ್ರತಿನಿಧಿಯಾಗಿ ಹೆಸರಿಸಬಹುದು, ಅವರು ನಂಟರೇ ಆಗಿರಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಬರೆದ ಪತ್ರದಲ್ಲಿ, ಹತ್ತಿರದ ಸಂಬಂಧಿಕರು ಸಿಗದಿದ್ದಾಗ ತೀರಿಕೊಂಡವರ ದೇಹವನ್ನು ಸಂಗಾತಿಗೆ ಒಪ್ಪಿಸುವ ಮಾತೂ ಇದೆ. ನಿಮ್ಮ ಆಡಳಿತ ವೈದ್ಯಾಧಿಕಾರಿಗೆ ಆ ಪತ್ರ ನೆನಪಿಸಿ.

ತಂದೆತಾಯಿ ಬಂದರೆ ಬಯ್ಯಬೇಡಿ, ಅವರು ಹೆದರಿ ಬಂದಿರುತ್ತಾರೆ. ಆದರೆ ಮಾತು ನೇರವಾಗಿರಲಿ: ಇದು ಕಾಯಿಲೆಯಲ್ಲ, ಆದ್ದರಿಂದ ಇದಕ್ಕೆ ಔಷಧವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ 1990ರಲ್ಲೇ ತೆಗೆದುಹಾಕಿತು. ಗಂಡು ಹಾರ್ಮೋನಿನ ಇಂಜೆಕ್ಷನ್ ಕೊಟ್ಟರೆ ಆಸೆ ಹೆಚ್ಚಬಹುದೇ ಹೊರತು ಅದರ ದಿಕ್ಕು ಬದಲಾಗುವುದಿಲ್ಲ. ‘ಸರಿಪಡಿಸುವ’ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ಅದಕ್ಕೆ ಹಿನ್ನೆಲೆ 2021ರ ಮದ್ರಾಸ್ ಹೈಕೋರ್ಟ್ ಆದೇಶ. ಮಾಡುವ ವೈದ್ಯರ ನೋಂದಣಿಗೇ ಕುತ್ತು. ಮಗನನ್ನು ಐದು ನಿಮಿಷ ಒಬ್ಬನನ್ನೇ ಕೂರಿಸಿ ಮಾತಾಡಿಸಿ: ಮನೆಯಲ್ಲಿ ಹೊಡೆಯುತ್ತಿದ್ದಾರೆಯೆ, ಊಟ ನಿದ್ದೆ ಇದೆಯೆ, ಸಾಯುವ ಯೋಚನೆ ಬಂದಿದೆಯೆ? ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇಬ್ಬರಿಗೂ ಕೊಡಿ, ತಂದೆತಾಯಿಗೂ ಮಾತಾಡಲು ಯಾರಾದರೂ ಬೇಕು.

ಪ್ರತ್ಯೇಕ ಒಪಿಡಿಯ ಪ್ರಶ್ನೆಗೆ ಬರೋಣ. ವಾರಕ್ಕೊಂದು ದಿನ ವಿಶೇಷ ಕ್ಲಿನಿಕ್ ಮಾಡಿದರೆ ಹಾರ್ಮೋನಿನ ಅನುಸರಣೆಗೆ, ಆಪ್ತ ಸಮಾಲೋಚನೆಗೆ ನಿಜಕ್ಕೂ ಒಳ್ಳೆಯದು. ಆದರೆ ಅದು ಮೆಡಿಕಲ್ ಕಾಲೇಜು, ಜಿಲ್ಲಾಸ್ಪತ್ರೆ ಮಟ್ಟಕ್ಕೆ ಹೊಂದುವ ಏರ್ಪಾಡು. ತಾಲ್ಲೂಕಿನಲ್ಲಿ ಮಾಡಿದರೆ ಉಳಿದ ಆರು ದಿನ “ಗುರುವಾರ ಬನ್ನಿ” ಎಂದು ಕೈತೊಳೆದುಕೊಳ್ಳುತ್ತಾರೆ. ಹೊರಗಿನ ಹಣದಲ್ಲಿ ನಡೆಯುವ ಕ್ಲಿನಿಕ್ಕಿಗೆ ಇನ್ನೊಂದು ಅಪಾಯ: 2021ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಮಿತ್ರ್ ಕ್ಲಿನಿಕ್ ತುಂಬ ಚೆನ್ನಾಗಿ ನಡೆಯುತ್ತಿತ್ತು, 2025ರಲ್ಲಿ ಅಮೆರಿಕದ ನೆರವು ನಿಂತಾಗ ಬಾಗಿಲು ಹಾಕಬೇಕಾಯಿತು. ಇನ್ನು ಬರೀ ತರಬೇತಿ ಕೊಟ್ಟು ಎಲ್ಲರನ್ನೂ ಸಾಮಾನ್ಯ ಒಪಿಡಿಯಲ್ಲೇ ನೋಡುತ್ತೇವೆಂದರೆ, ತರಬೇತಾದವರು ವರ್ಗವಾದ ದಿನವೇ ಅದೂ ಹೋಯಿತು.

ನಿಮ್ಮಂಥ ಕಡೆಗೆ ನಾನು ಸೂಚಿಸುವುದು ನಡುವಿನ ದಾರಿ. ಎಲ್ಲ ಸೇವೆಯೂ ಸಾಮಾನ್ಯ ಒಪಿಡಿಯಲ್ಲೇ, ಆದರೆ ಇಂಥ ರೋಗಿಗಳಿಗೆ ಗೊತ್ತಿರುವ ಒಂದು ಮುಖ ಆಸ್ಪತ್ರೆಯಲ್ಲಿರಲಿ. ಅದು ನೀವೇ ಆಗಬಹುದು. ಒಬ್ಬರೇ ಇದ್ದರೆ ರಜೆಯ ದಿನ ಸರಪಳಿ ತುಂಡಾಗುತ್ತದೆ, ಆದ್ದರಿಂದ ಇಬ್ಬರು, ಬೇರೆ ಬೇರೆ ಪಾಳಿಯಲ್ಲಿ. ನಿಮ್ಮ ಜಿಲ್ಲೆಯಲ್ಲಿ ರಾಜ್ಯ ಏಡ್ಸ್ ನಿಯಂತ್ರಣ ಸೊಸೈಟಿಯಡಿ ಕೆಲಸ ಮಾಡುವ ಸಮುದಾಯ ಸಂಸ್ಥೆ ಇದ್ದರೆ ಅಲ್ಲಿನ ಪೀರ್ ಕಾರ್ಯಕರ್ತರ (ಅದೇ ಸಮುದಾಯದಿಂದ ಬಂದವರ) ಜೊತೆ ಮಾತಾಡಿ, ಆರೋಗ್ಯ ರಕ್ಷಾ ಸಮಿತಿಯ ಸಭೆಗೂ ಕರೆಸಿ. ನಿಮ್ಮ ಕಡೆ ಜೋಗತಿಯರೂ ಇರುತ್ತಾರೆ. ಅವರನ್ನು ಎಚ್‌ಐವಿ ಕಾರ್ಯಕ್ರಮದ ಕಣ್ಣಿನಿಂದಷ್ಟೇ ನೋಡಬಾರದು, ಬಿಪಿ, ಶುಗರ್, ಮೊಣಕಾಲು ನೋವು ಅವರಿಗೂ ಇವೆ. ದೂರು ಬಂದರೆ ಯಾರು ನೋಡಬೇಕೆಂಬುದೂ ಗೋಡೆಯ ಮೇಲಿರಲಿ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ 3ನೇ ಸೆಕ್ಷನ್ ಆರೋಗ್ಯಸೇವೆ ನಿರಾಕರಿಸುವುದನ್ನೂ ತಾರತಮ್ಯದಿಂದ ನಡೆಸಿಕೊಳ್ಳುವುದನ್ನೂ ನಿಷೇಧಿಸುತ್ತದೆ, 11ನೇ ಸೆಕ್ಷನ್ ದೂರು ಅಧಿಕಾರಿ ಇರಬೇಕೆನ್ನುತ್ತದೆ. ಆಶಾ ಕಾರ್ಯಕರ್ತೆಯರಿಗೆ ಗುಟ್ಟು ಕಾಯುವ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಊರಿನ ಕೇಂದ್ರದಲ್ಲಿ ಚೀಟಿ ಮಾಡಿಸಿದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆಂಬ ಭಯಕ್ಕೇ ಎಷ್ಟೋ ಜನ 40 ಕಿಲೋಮೀಟರ್ ದೂರದ ಆಸ್ಪತ್ರೆಗೆ ಹೋಗುತ್ತಾರೆ.

ಎದ್ದು ಹೋದವರನ್ನು ಖಂಡಿತ ಕರೆಯಿರಿ, ತಡ ಮಾಡಬೇಡಿ. ಕುಗ್ಗಿದ ಮೂತ್ರದ್ವಾರ ತಾನಾಗಿ ಅಗಲವಾಗುವುದಿಲ್ಲ, ಹಿಂದಕ್ಕೆ ಒತ್ತಡ ಬಿದ್ದು ಕಿಡ್ನಿ ಕೆಡಬಹುದು. ಚೀಟಿಯಲ್ಲಿ ಫೋನ್ ನಂಬರ್ ಇದ್ದೇ ಇರುತ್ತದೆ. ಬೇರೆ ಯಾರಾದರೂ ಎತ್ತಿದರೆ ಆಸ್ಪತ್ರೆಯ ಹೆಸರಾಗಲಿ ಕಾಯಿಲೆಯಾಗಲಿ ಹೇಳದೆ “ಆಮೇಲೆ ಮಾಡುತ್ತೇನೆ” ಎಂದು ಇಡಿ. ಅವರೇ ಸಿಕ್ಕರೆ ಅಂದು ಆದದ್ದು ನಮ್ಮ ತಪ್ಪು ಎಂದು ಮೊದಲು ಹೇಳಿ, ಆಮೇಲೆ ಮಾತು. ಧಾರೆ ಹೇಗಿದೆ, ಜ್ವರ, ಸೊಂಟದ ಪಕ್ಕೆನೋವು ಇದೆಯೇ ಕೇಳಿ. ಮತ್ತೆ ಪೂರ್ತಿ ಕಟ್ಟಿದ್ದರೆ ಅಥವಾ ಜ್ವರವಿದ್ದರೆ ಅಂದೇ ಬರಬೇಕು. ಇಲ್ಲದಿದ್ದರೆ ಸರ್ಜನ್ ಇರುವ ದಿನ, ನಿಮ್ಮ ಪಾಳಿಯ ಹೊತ್ತು ನೋಡಿ ಸಮಯ ಕೊಡಿ. ಜೊತೆಗೆ ಸಮುದಾಯದಲ್ಲಿ ಅವರ ಹಿರಿಯರಾದ ಗುರುವನ್ನೋ ಗೆಳತಿಯನ್ನೋ ಕರೆತರಲು ಹೇಳಿ. ಅವರು ಬರುವ ಹೊತ್ತಿಗೆ 10, 12 ನಂಬರಿನ ಕ್ಯಾತಿಟರು, ಜೆಲ್ಲಿ ಟ್ರೇಯಲ್ಲಿರಲಿ, ಹಾಸಿಗೆಯೂ ಗೊತ್ತಾಗಿರಲಿ. ಗೇಟಿನ ಹತ್ತಿರ ನೀವೇ ನಿಂತಿರಿ, ಕೌಂಟರಿನ ಸಾಲಿಗೆ ಅವರೊಬ್ಬರನ್ನೇ ಬಿಡಬೇಡಿ.